‘ಸಾಧನೆ’ ಅನ್ನೋ ಕಾಲಮ್ಮಿನಲ್ಲಿ ಏನು ಬರೆಯೋಣ? ಫಾದರ್, ಸಿಸ್ಟರ್, ಬ್ರದರ್‌ಗಳ ಹೈಸ್ಕೂಲಿನಲ್ಲಿ ಓದಿದವರು ಬನ್ನಿ

ಹಳೇ ಬೆಂಚು

ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಂಘದವರು ನೆನಪಿನ ಸಂಚಿಕೆ ತರುತ್ತಿದ್ದಾರೆ. ಎಲ್ಲರಿಗೂ ಆನ್‌ಲೈನ್ ಫಾರಂ ಬಂದಿದೆ. ಹೆಸರು, ಬ್ಯಾಚು, ಈಗಿನ ಹುದ್ದೆ ತುಂಬಿಸಿಯಾಯ್ತು. ಕೊನೆಯ ಕಾಲಂ ‘ಜೀವನದ ಮುಖ್ಯ ಸಾಧನೆ, 40 ಪದ ಮೀರಬಾರದು’. ನಾಲ್ಕು ದಿನದಿಂದ ಅಲ್ಲೇ ಕೂತಿದ್ದೇನೆ.

ನಾನು ಓದಿದ್ದು ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸಂಘದ ಫಾದರ್‌ಗಳ ಶಾಲೆಯಲ್ಲಿ. ಈಗ ವಯಸ್ಸು 51. ಲೆಕ್ಕಪತ್ರದ ಕೆಲಸಕ್ಕೆ ಸೇರಿ 28 ವರ್ಷ ಆಯ್ತು. ಆ ಶಾಲೆಯದ್ದು ನನ್ನಲ್ಲಿ ಏನು ಉಳಿದಿದೆ ಅಂತ ನೋಡಿದರೆ ಮೊದಲು ಸಿಗೋದು ನಾಲ್ಕು ಅಕ್ಷರ. ನೋಟ್‌ಬುಕ್ಕಿನ ಪ್ರತಿ ಪುಟದ ತಲೆಯಲ್ಲಿ ಎ.ಎಂ.ಡಿ.ಜಿ. ಅಂತ ಬರೆಯಬೇಕಿತ್ತು. ಲ್ಯಾಟಿನ್ನಿನಲ್ಲಿ ಆದ್ ಮಾಯೋರೆಂ ದೇಯಿ ಗ್ಲೋರಿಯಾಂ, ಅಂದರೆ ‘ದೇವರ ಹೆಚ್ಚಿನ ಮಹಿಮೆಗಾಗಿ’. ಬೀಜಗಣಿತದಲ್ಲಿ ಸೊನ್ನೆ ಬಂದ ಹಾಳೆಯ ಮೇಲೂ ಅದೇ ಇರುತ್ತಿತ್ತು. ಪಾಪ, ದೇವರು.

ನಾನು ಚರ್ಚಿನ ಪೂಜೆಗೆ ಹೋಗಿ ಎಷ್ಟೋ ವರ್ಷ ಆಯ್ತು. ಆದರೂ ಹೊಸ ನೋಟ್‌ಪ್ಯಾಡ್ ತೆರೆದರೆ ಪೆನ್ನು ತಾನಾಗೇ ಮೇಲಿನ ಮೂಲೆಗೆ ಹೋಗುತ್ತೆ. ಹೋದ ವಾರ ಆಫೀಸಿಗೆ ಹೊಸದಾಗಿ ಬಂದ ಹುಡುಗಿ ಅದನ್ನು ನೋಡಿ ‘ಸರ್, ಇದು ಯಾವ ವೆಂಡರ್ ಕೋಡ್?’ ಅಂದಳು.

ಇಂಥ ಶಾಲೆಗಳಲ್ಲಿ ಓದಿದವರು ಇಲ್ಲಿ ಬಹಳ ಜನ ಇದ್ದೀರಿ ಅಂತ ಗೊತ್ತು. ಆ ಕಾಲಮ್ಮಿಗೆ ನೀವಾದರೆ ಏನು ಬರೆಯುತ್ತೀರಿ? ಶಾಲೆ ಹೇಳಿಕೊಟ್ಟಿದ್ದಕ್ಕೂ ನೀವು ಬದುಕಿದ್ದಕ್ಕೂ ಏನಾದರೂ ಸಂಬಂಧ ಉಳಿದಿದೆಯಾ?

ಸುಮ್ನೆ ಬಂದೆ

ಸುಲಭ ಸರ್. ‘ಮೂರು ಮನೆ, ಎರಡು ಕಾರು, ಒಂದು ಬೈಪಾಸ್.’ ಆರೇ ಪದ. ಇನ್ನೂ 34 ಬಾಕಿ.

ನೈಟ್ ಡ್ಯೂಟಿ

ನಾನು ಸಿಸ್ಟರ್‌ಗಳು ನಡೆಸೋ ಹೆಣ್ಣುಮಕ್ಕಳ ಶಾಲೆಯವಳು. ಈಗ ಐಸಿಯುನಲ್ಲಿ ನರ್ಸು, 19 ವರ್ಷದಿಂದ.

ಎಂಟನೇ ಕ್ಲಾಸಿನಲ್ಲಿ ಒಂದು ದಿನ ವ್ಯಾಕರಣದ ಪೀರಿಯಡ್ಡಿನಲ್ಲಿ ಒಬ್ಬಳು ವಾಂತಿ ಮಾಡಿಕೊಂಡಳು. ನಾವೆಲ್ಲ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡೆವು. ಪಾಠ ಮಾಡುತ್ತಿದ್ದವರು ಹೆಡ್‌ಮಿಸ್ಟ್ರೆಸ್ ಸಿಸ್ಟರ್. ಸೀಮೆಸುಣ್ಣ ಕೆಳಗಿಟ್ಟರು. ನಿಲುವಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿದರು. ಅದನ್ನು ಮಡಿಸುವಾಗಲೂ ಎರಡೂ ಕಡೆ ಸಮ ಇರೋ ಹಾಗೆ ನೋಡಿಕೊಂಡರು. ಬಕೆಟ್ಟು ತಂದು, ಮಂಡಿಯೂರಿ, ತಾವೇ ಒರೆಸಿದರು. ಆಯಾನ ಕರೆಯಲಿಲ್ಲ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೈ ತೊಳೆದು ಬಂದು ‘ಎಲ್ಲಿದ್ದೆವು? ಕರ್ಮಣಿ ಪ್ರಯೋಗ’ ಅಂದರು.

ಸೇವೆ, ದಯೆ ಅಂತ ಅವರು ಮಾಡಿದ ಭಾಷಣಗಳು ಒಂದೂ ನೆನಪಿಲ್ಲ. ಆ ತೋಳು ಮಡಿಸಿದ್ದು ಮಾತ್ರ ನೆನಪಿದೆ.

ರಾತ್ರಿ ಮೂರು ಗಂಟೆಗೆ ಒಬ್ಬರು ತೀರಿಕೊಂಡರೆ, ಮನೆಯವರು ಒಳಗೆ ಬರೋಕೆ ಮುಂಚೆ ನಾವು ದೇಹ ಒರೆಸಿ ಸಿದ್ಧ ಮಾಡಬೇಕು. ಆಗ ನಾನು ಅವರ ಹತ್ತಿರ ಮಾತಾಡುತ್ತೇನೆ. ‘ಅಜ್ಜ, ಈಗ ಕೈ ಒರೆಸುತ್ತೀನಿ, ಈಗ ಈ ಕಡೆ ತಿರುಗಿಸುತ್ತೀನಿ’ ಅಂತ. ಹೊಸ ಹುಡುಗಿಯರು ಮೊದಲು ಹೆದರುತ್ತಾರೆ. ಎರಡು ತಿಂಗಳಾದ ಮೇಲೆ ಅವರೂ ಮಾತಾಡುತ್ತಾರೆ.

ಇದಕ್ಕೆ ಕಾಲಂ ಎಲ್ಲಿದೆ ಹೇಳಿ. ನಾನಾದರೆ ಖಾಲಿ ಬಿಡುತ್ತೇನೆ.

ಬಿ ಸೆಕ್ಷನ್

ನಾನು ಕ್ಯಾಥೊಲಿಕ್ ಅಲ್ಲ. ಎ ಸೆಕ್ಷನ್ನಿನವರು ಧರ್ಮೋಪದೇಶಕ್ಕೆ ಹೋದಾಗ ನಮಗೆ ‘ಮಾರಲ್ ಸೈನ್ಸ್’. ನೀತಿಯಲ್ಲಿ ವಿಜ್ಞಾನ ಎಲ್ಲಿಂದ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ‘ದಾರಿಯಲ್ಲಿ ಪರ್ಸು ಸಿಕ್ಕಿದರೆ ಏನು ಮಾಡುತ್ತೀ?’ ಅಂತ ಒಂದು ಪ್ರಶ್ನೆ ಇತ್ತು. ಇಡೀ ಕ್ಲಾಸು ‘ಪೊಲೀಸರಿಗೆ ಕೊಡುತ್ತೇನೆ’ ಅಂತ ಬರೆಯಿತು. ನಾನು ‘ಮೊದಲು ತೆಗೆದು ಒಳಗೆ ಹೆಸರಿದೆಯಾ ನೋಡುತ್ತೇನೆ’ ಅಂತ ಬರೆದೆ. ಎರಡಕ್ಕೆ ಒಂದು ಅಂಕ ಬಂತು. ಈಗ ವಕೀಲೆ ಆಗಿದ್ದೇನೆ. ಆ ಒಂದು ಅಂಕಕ್ಕಾಗಿ ಇನ್ನೂ ವಾದಿಸುತ್ತಿದ್ದೇನೆ ಅಂತ ಅನಿಸುತ್ತೆ.

ನನ್ನನ್ನು ಮತಾಂತರ ಮಾಡಲು ಯಾರೂ ಬರಲಿಲ್ಲ. ನಾನು ಮತಾಂತರ ಆಗಿದ್ದು ಅಲ್ಪವಿರಾಮಕ್ಕೆ, ಪೂರ್ಣವಿರಾಮಕ್ಕೆ. ಇನ್ನೊಂದು ಉಳಿದುಕೊಂಡಿದೆ. ಮಧ್ಯಾಹ್ನ 12ಕ್ಕೆ ಗಂಟೆ ಹೊಡೆದ ತಕ್ಷಣ ಎಲ್ಲರೂ ಎದ್ದು ನಿಂತು ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದರು. ನಾನು ಸುಮ್ನೆ ತುಟಿ ಆಡಿಸುತ್ತಿದ್ದೆ. ಈಗಲೂ ಎಲ್ಲಾದರೂ 12ರ ಗಂಟೆ ಕೇಳಿಸಿದರೆ ವಾಕ್ಯದ ನಡುವೆ ನಿಲ್ಲಿಸಿಬಿಡುತ್ತೇನೆ. ಎದುರು ಪಕ್ಷದವರು ಅದನ್ನು ತಂತ್ರ ಅಂದುಕೊಂಡಿದ್ದಾರೆ.

ಮೂರನೇ ಸಾಲು

ಎಲ್ಲರೂ ಹೂವು ಏರಿಸುತ್ತಿದ್ದೀರಿ. ನಾನೊಂದು ಕಲ್ಲು ಇಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಶಾಲೆಯಲ್ಲಿ ಫೀಸು ಬಾಕಿ ಇದ್ದವರ ಹೆಸರನ್ನು ಬೆಳಗಿನ ಅಸೆಂಬ್ಲಿಯಲ್ಲಿ ಓದುತ್ತಿದ್ದರು. ಮೊದಲು ಪರಲೋಕ ಮಂತ್ರ, ಯೇಸು ಕಲಿಸಿದ ಪ್ರಾರ್ಥನೆ. ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಅಂತ ಎಂಟುನೂರು ಮಕ್ಕಳು ಒಟ್ಟಿಗೆ ಹೇಳಬೇಕು. ಆಮೆನ್ ಆದ ಮೇಲೆ ಪಟ್ಟಿ. ಹೆಸರು ಬಂದವರು ಮುಂದೆ ಬಂದು ನಿಲ್ಲಬೇಕು. ನಾನು ಒಂಬತ್ತನೇ ಕ್ಲಾಸಿನಲ್ಲಿ ಐದು ಸಲ ನಿಂತಿದ್ದೆ. ಅಲ್ಲಿಂದ ಮೂರನೇ ಸಾಲಿನಲ್ಲಿ ನನ್ನ ಖಾಲಿ ಜಾಗ ಕಾಣುತ್ತಿತ್ತು. ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದು.

ಅಪ್ಪನಿಗೆ ನಾನು ಹೇಳಲೇ ಇಲ್ಲ. ಹೇಳಿದ್ದರೆ ಅವರು ಇನ್ನೊಂದು ಪಾಳಿ ಹಿಡಿಯುತ್ತಿದ್ದರು.

ಹೊಡೆತದ ಮಾತು ಬೇರೆ. ಮರದ ಸ್ಕೇಲನ್ನು ಅಡ್ಡ ಮಾಡಿ ಗೆಣ್ಣಿಗೆ ಹೊಡೆಯುತ್ತಿದ್ದ ಒಬ್ಬರಿದ್ದರು. ಇನ್ನೂ ಘೋರವಾದದ್ದನ್ನು ಅನುಭವಿಸಿದವರು ಎಷ್ಟೋ ದೇಶಗಳಲ್ಲಿ ಇದ್ದಾರೆ. ಐರ್ಲೆಂಡಿನಲ್ಲಿ ಧಾರ್ಮಿಕ ಸಂಸ್ಥೆಗಳು ನಡೆಸುತ್ತಿದ್ದ ವಸತಿಶಾಲೆಗಳಲ್ಲಿ ಮಕ್ಕಳಿಗೆ ಏನೇನಾಯ್ತು ಅಂತ 2009ರಲ್ಲಿ ಅಲ್ಲಿನ ಆಯೋಗವೇ ಸಾವಿರಾರು ಪುಟಗಳ ವರದಿ ಕೊಟ್ಟಿತು. ನೆನಪಿನ ಸಂಚಿಕೆಗಳಲ್ಲಿ ಇದು ಯಾಕೆ ಬರೋದಿಲ್ಲ? 40 ಪದ ಸಾಲೋದಿಲ್ಲ ಅಂತನಾ?

ನೈಟ್ ಡ್ಯೂಟಿ

ಬೇಜಾರು ಯಾಕೆ ಅಕ್ಕ. ನಮ್ಮಲ್ಲೂ ಒಬ್ಬರು ಇದ್ದರು ಸ್ಕೇಲಿನವರು. ನಾನು ಅವರ ಬಗ್ಗೆ ಬರೆಯಲಿಲ್ಲ, ಅಷ್ಟೇ. ನಾವು ಬೇಕಾದ್ದನ್ನು ಆರಿಸಿಕೊಂಡು ನೆನಪಿಟ್ಟುಕೊಳ್ಳುತ್ತೇವೆ, ಅದಂತೂ ನಿಜ.

ಗುರುಮಠ ಬಿಟ್ಟವ

ಮೂರನೇ ಸಾಲಿನ ಮೇಡಂ ಬರೆದದ್ದು ಓದಿ ಸ್ವಲ್ಪ ಹೊತ್ತು ಫೋನು ಕೆಳಗಿಟ್ಟೆ.

ನಾನು ಪಾದ್ರಿ ಆಗಬೇಕು ಅಂತ ಹೋಗಿ ಆರು ವರ್ಷ ಗುರುಮಠದಲ್ಲಿದ್ದು ವಾಪಸ್ಸು ಬಂದವನು. ಈಗ ಲಿಫ್ಟ್ ರಿಪೇರಿ ಕೆಲಸ. (ಜನರನ್ನು ಮೇಲಕ್ಕೆ ಒಯ್ಯೋದು ಮಾತ್ರ ತಪ್ಪಲಿಲ್ಲ ಅಂತ ನಮ್ಮ ಹಳೆಯ ಪ್ರೊಫೆಸರ್ ತಮಾಷೆ ಮಾಡುತ್ತಾರೆ.) ಅಲ್ಲಿ ಲ್ಯಾಟಿನ್ ಕಲಿತಿದ್ದು ಈ ಒಂದು ಸಾಲಿಗಾದರೂ ಉಪಯೋಗ ಆಗಲಿ: ನಾವು ‘ತಪ್ಪುಗಳು’ ಅಂತ ಹೇಳೋ ಕಡೆ ಲ್ಯಾಟಿನ್ ಪ್ರಾರ್ಥನೆಯಲ್ಲಿ ಇರೋದು ‘ದೇಬಿತಾ’. ಅಂದರೆ ಸಾಲಗಳು. ‘ನಮ್ಮ ಸಾಲಗಳನ್ನು ಮನ್ನಾ ಮಾಡು’ ಅಂತ ಹೇಳಿಸಿ, ಮರುನಿಮಿಷ ಸಾಲದ ಪಟ್ಟಿ ಓದಿದ್ದಾರೆ.

ಇನ್ನೊಂದು ವಿಷಯ. ಜೆಸ್ವಿಟ್ ಸಂಘ ಕಟ್ಟಿದ ಲೊಯೋಲದ ಇಗ್ನೇಷಿಯಸ್ ಕಾಲದಲ್ಲಿ, 1548ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ ಜೆಸ್ವಿಟರು ಹೊರಗಿನ ಮಕ್ಕಳಿಗೆ ಅಂತ ಮೊದಲ ಶಾಲೆ ತೆರೆದಾಗ ಫೀಸೇ ಇರಲಿಲ್ಲ. ಊರಿನವರು, ದಾನಿಗಳು ಖರ್ಚು ನೋಡಿಕೊಳ್ಳಬೇಕು, ಮಕ್ಕಳಿಂದ ತೆಗೆದುಕೊಳ್ಳಬಾರದು ಅನ್ನೋದು ನಿಯಮ. ಆಮೇಲೆ ಶತಮಾನಗಳು ಕಳೆದು, ದಾನದ ದುಡ್ಡು ಹೋಗಿ, ಫೀಸು ಬಂತು. ಫೀಸು ಬಂದ ಮೇಲೆ ಪಟ್ಟಿ ಬಂತು.

ಕೆಂಪು ಪೆನ್ನು

ನಾನು ಟೀಚರ್. ಓದಿದ್ದು ಬ್ರದರ್‌ಗಳ ಶಾಲೆ. ಬಹಳ ಜನಕ್ಕೆ ಗೊತ್ತಿಲ್ಲ, ಬ್ರದರ್ ಅಂದರೆ ಪಾದ್ರಿ ಅಲ್ಲ. ಪೂಜೆ ಅರ್ಪಿಸೋದಿಲ್ಲ, ಪಾಪನಿವೇದನೆ ಕೇಳೋದಿಲ್ಲ. ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಕಟ್ಟಿದ ಸಂಘದಲ್ಲಿ ಎಲ್ಲರೂ ಬರೀ ಮೇಷ್ಟ್ರುಗಳೇ. ಆಗ ಓದು ಶುರುವಾಗುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಅವರು ಬಡವರ ಮಕ್ಕಳಿಗೆ ಮೊದಲು ಅವರು ಮನೆಯಲ್ಲಿ ಆಡೋ ಫ್ರೆಂಚಿನಲ್ಲೇ ಓದು ಕಲಿಸಿದರು. ಅದೂ ಪುಕ್ಕಟೆ. 1950ರಲ್ಲಿ ಪೋಪ್, ಲಾ ಸಾಲ್‌ರನ್ನು ಎಲ್ಲ ಶಿಕ್ಷಕರ ಪಾಲಕ ಸಂತ ಅಂತ ಘೋಷಿಸಿದರು. ನಮ್ಮ ಸ್ಟಾಫ್ ರೂಮಿಗೆ ಅವರು ಬರೋದು ಒಳ್ಳೆಯದು, ಪೇಪರ್ ತಿದ್ದೋ ವಾರದಲ್ಲಿ.

ಹೊಡೆತದ ಬಗ್ಗೆ ಹೇಳಲೇಬೇಕು. ಇಟಲಿಯ ಪಾದ್ರಿ ಡಾನ್ ಬಾಸ್ಕೊ 1877ರಲ್ಲೇ ತಮ್ಮ ಶಾಲೆಗಳಿಗೆ ಬರೆದುಕೊಟ್ಟಿದ್ದರು. ಶಿಕ್ಷೆಯಿಂದಲ್ಲ, ವಿವೇಕ, ಧರ್ಮ, ಪ್ರೀತಿ ಈ ಮೂರರಿಂದ ಮಕ್ಕಳನ್ನು ಬೆಳೆಸಬೇಕು, ಹೊಡೆಯೋದು ಬೇಡವೇ ಬೇಡ ಅಂತ. ಹಾಗಾಗಿ ‘ಆ ಕಾಲ ಹಾಗಿತ್ತು’ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಆ ಕಾಲದವರಿಗೆ ಅದಕ್ಕೂ ನೂರು ವರ್ಷ ಮುಂಚೆಯೇ ಹೇಳಿಯಾಗಿತ್ತು.

ಹೇಳೋದು ಸುಲಭ, ನನಗೂ ಗೊತ್ತು. ಹೋದ ತಿಂಗಳು ಒಬ್ಬ ಹುಡುಗನಿಗೆ ಇಡೀ ಕ್ಲಾಸಿನ ಮುಂದೆ ‘ನಿನ್ನಿಂದ ಆಗಲ್ಲ ಬಿಡು’ ಅಂದುಬಿಟ್ಟೆ. ಮರುದಿನ ಇಡೀ ಕ್ಲಾಸಿನ ಮುಂದೆಯೇ ಕ್ಷಮೆ ಕೇಳಿದೆ. ಅವನಿಗೆ ಮೊದಲನೆಯದಕ್ಕಿಂತ ಎರಡನೆಯದೇ ಜಾಸ್ತಿ ಮುಜುಗರ ಆಯ್ತು ಅಂತ ಕಾಣುತ್ತೆ.

ಮೂರನೇ ಸಾಲು

ಕೆಂಪು ಪೆನ್ನು ಮೇಡಂ, ನನ್ನ ಕ್ಷಮೆ ಯಾರೂ ಕೇಳಲಿಲ್ಲ. ಹೋಗಲಿ ಬಿಡಿ.

ನಾನು ಈಗ ಒಂದು ಶಾಲೆಯ ಆಫೀಸಿನಲ್ಲಿ ಫೀಸು ವಿಭಾಗ ನೋಡಿಕೊಳ್ಳುತ್ತೇನೆ. ನಗಬೇಡಿ. ಬಾಕಿ ನೋಟೀಸನ್ನು ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ತಂದೆತಾಯಿಗೆ ಕಳಿಸುತ್ತೇನೆ. ಮಗುವಿನ ಕೈಗೆ ಯಾವತ್ತೂ ಕೊಟ್ಟಿಲ್ಲ. ಹೊಸ ಪ್ರಿನ್ಸಿಪಾಲರು ಒಮ್ಮೆ ‘ಮಕ್ಕಳ ಡೈರಿಯಲ್ಲೇ ಅಂಟಿಸಿ, ಅಂಚೆ ಖರ್ಚು ಉಳಿಯುತ್ತೆ’ ಅಂದರು. ಆಗಲ್ಲ ಅಂದೆ. ಕಾರಣ ಕೇಳಿದರು. ಮೂರನೇ ಸಾಲಿನ ಕಥೆ ಹೇಳಿದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಇದನ್ನು ಶಾಲೆ ಕಲಿಸಿತಾ ಅಂದರೆ ಹೌದು, ಕಲಿಸಿತು. ತಲೆಕೆಳಗಾಗಿ.

ಸುಮ್ನೆ ಬಂದೆ

ಗಂಭೀರವಾಗಿ ಒಂದು ಮಾತು ಹೇಳಲಾ? ನಾನು ಫಾದರ್‌ಗಳ ಶಾಲೆಯವನು, ಈಗ ಸಾಫ್ಟ್‌ವೇರು. ಶಾಲೆ ಮೌಲ್ಯ ಕೊಡುತ್ತೆ ಅನ್ನೋದೇ ನನಗೆ ಅನುಮಾನ. ಫ್ರೆಂಚ್ ಲೇಖಕ ವೋಲ್ತೇರ್ ಪ್ಯಾರಿಸ್ಸಿನ ಜೆಸ್ವಿಟ್ ಶಾಲೆಯಲ್ಲಿ ಓದಿ, ಜೀವನವಿಡೀ ಚರ್ಚನ್ನು ಗೇಲಿ ಮಾಡಿದ. ಫಿಡೆಲ್ ಕ್ಯಾಸ್ಟ್ರೊ ಹವಾನಾದ ಜೆಸ್ವಿಟ್ ಶಾಲೆಯಲ್ಲಿ 1945ರವರೆಗೆ ಓದಿ, ಆಮೇಲೆ ಅಧಿಕಾರಕ್ಕೆ ಬಂದು ಆ ಶಾಲೆಯನ್ನೇ ಕಿತ್ತುಕೊಂಡ. ಇವರ ಫಾರಂಗೆ ಏನಂತ ಬರೆಸೋದು? ಅದೇ ಬೆಂಚಿನಲ್ಲಿ ಸಂತರೂ ಕೂತಿದ್ದರು, ಕಳ್ಳರೂ ಕೂತಿದ್ದರು. ನಮ್ಮ ಬ್ಯಾಚಿನಲ್ಲಿ ಒಬ್ಬ ಜೈಲಿನಲ್ಲಿದ್ದಾನೆ, ಒಬ್ಬ ಬಿಷಪ್ಪರ ಸೆಕ್ರೆಟರಿ. ಇಬ್ಬರೂ ನನ್ನ ಹೋಂವರ್ಕ್ ನೋಡಿ ಬರೆದವರೇ.

ಇಂಥ ಶಾಲೆಗೆ ಮಕ್ಕಳನ್ನು ಹಾಕೋರು ಹೆಚ್ಚಾಗಿ ಶಿಸ್ತು ಇರಲಿ, ಮುಂದೆ ಒಳ್ಳೆ ಕೆಲಸ ಸಿಗಲಿ ಅಂತ ಹಾಕುತ್ತಾರೆ. ಅದು ಸಿಕ್ಕಿದೆ. ಮಿಕ್ಕಿದ್ದೆಲ್ಲ ನಾವು ಐವತ್ತು ದಾಟಿದ ಮೇಲೆ ಹಚ್ಚಿಕೊಳ್ಳೋ ಬಣ್ಣ.

ಗುರುಮಠ ಬಿಟ್ಟವ

ಗುರೂ, ನೀವು ಹೇಳಿದ್ದನ್ನು ಜೆಸ್ವಿಟರ ಮುಖ್ಯಸ್ಥರೇ ಹೇಳಿಬಿಟ್ಟಿದ್ದಾರೆ.

ಪೆದ್ರೊ ಅರುಪೆ ಅಂತ. ಮೊದಲು ಮೆಡಿಕಲ್ ಓದುತ್ತಿದ್ದವರು, ಬಿಟ್ಟು ಜೆಸ್ವಿಟ್ ಆದರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಹೊರವಲಯದಲ್ಲಿದ್ದರು. ಬಾಂಬು ಬಿದ್ದ ಮೇಲೆ ತಮ್ಮ ಮಠವನ್ನೇ ಆಸ್ಪತ್ರೆ ಮಾಡಿ, ಅರ್ಧ ಕಲಿತ ವೈದ್ಯದಲ್ಲೇ ಗಾಯಾಳುಗಳನ್ನು ನೋಡಿಕೊಂಡರು. 1965ರಲ್ಲಿ ಜೆಸ್ವಿಟ್ ಸಂಘಕ್ಕೇ ಮುಖ್ಯಸ್ಥರಾದರು. 1973ರ ಜುಲೈ 31, ಇಗ್ನೇಷಿಯಸರ ಹಬ್ಬದ ದಿನ, ಸ್ಪೇನಿನ ವಲೆನ್ಸಿಯಾದಲ್ಲಿ ಯುರೋಪಿನ ಜೆಸ್ವಿಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಸಮಾವೇಶ. ಕೂತವರೆಲ್ಲ ನಮ್ಮ ಹಾಗೇ: ಹುದ್ದೆ, ಸೂಟು, ನೆನಪು. ಅವರ ಮುಂದೆ ಅರುಪೆ ಒಂದು ಪ್ರಶ್ನೆ ಎತ್ತಿದರು. ನಾವು ನಿಮ್ಮನ್ನು ನ್ಯಾಯಕ್ಕಾಗಿ ಬದುಕುವವರನ್ನಾಗಿ ಬೆಳೆಸಿದ್ದೀವಾ? ಉತ್ತರವನ್ನೂ ತಾವೇ ಕೊಟ್ಟರು. ಪ್ರಾಮಾಣಿಕವಾಗಿ ಹೇಳಬೇಕು ಅಂದರೆ, ಇಲ್ಲ.

ಸಭೆಯಲ್ಲಿ ಕೆಲವರಿಗೆ ಸಿಟ್ಟೇ ಬಂತು. ಹಾರ ಹಾಕಿಸಿಕೊಳ್ಳಲು ಬಂದವರಿಗೆ ಆಡಿಟ್ ರಿಪೋರ್ಟು ಕೊಟ್ಟ ಹಾಗೆ. ‘ಇತರರಿಗಾಗಿ ಬದುಕುವ ಮನುಷ್ಯರು’, ಇಂಗ್ಲಿಷಿನಲ್ಲಿ ‘ಮೆನ್ ಫಾರ್ ಅದರ್ಸ್’, ಅನ್ನೋ ಮಾತು ಬಂದದ್ದು ಆ ಭಾಷಣದಿಂದ. ಆಮೇಲೆ ಅದಕ್ಕೆ ಹೆಣ್ಣುಮಕ್ಕಳನ್ನೂ ಸೇರಿಸಿದರು.

ಸುಮ್ನೆ ಬಂದೆ

ಆ ಮಾತು ನಮ್ಮ ಶಾಲೆಯ ಗೇಟಿನ ಮೇಲೆ ಬಂಗಾರದ ಬಣ್ಣದಲ್ಲಿತ್ತು. ಅದು ಬೈದು ಹೇಳಿದ್ದು ಅಂತ ಇವತ್ತು ಗೊತ್ತಾಯ್ತು.

ಬಿ ಸೆಕ್ಷನ್

ಹಾಗಿದ್ದರೆ ನೀವು ಶಾಲೆಯಿಂದ ಏನೂ ತಂದಿಲ್ಲ ಅಂತೀರಾ? ಪಾಟೀ ಸವಾಲು ಅಂದುಕೊಳ್ಳಿ.

ಸುಮ್ನೆ ಬಂದೆ

ಸಿಕ್ಕಿಹಾಕಿಸಿಬಿಟ್ಟಿರಿ ಮೇಡಂ.

ಸರಿ, ಒಂದಿದೆ. ರಾತ್ರಿ ಮಲಗುವ ಮುಂಚೆ ಫಾದರ್ ಹಾಸ್ಟೆಲಿನಲ್ಲಿ ದೀಪ ಆರಿಸಿ ಕೂರಿಸುತ್ತಿದ್ದರು. ಬೆಳಗಿನಿಂದ ನಡೆದದ್ದನ್ನು ಒಂದೊಂದೇ ನೆನೆಸಿಕೊಳ್ಳಬೇಕು. ಎಲ್ಲಿ ಖುಷಿಯಾಯ್ತು, ಎಲ್ಲಿ ಜಾರಿದೆ, ನಾಳೆ ಏನು. ಆತ್ಮಪರೀಕ್ಷೆ ಅಂತ ಹೆಸರು. ನಾವು ನಿದ್ದೆ ಮಾಡುತ್ತಿದ್ದೆವು. ಗೊರಕೆ ಬಂದವನಿಗೆ ಮರುದಿನ ಮೈದಾನ ಗುಡಿಸೋ ಕೆಲಸ.

ಈಗ ದೇವರಿಲ್ಲದೆ ಅದನ್ನೇ ಮಾಡುತ್ತೇನೆ, ಪಾರ್ಕಿಂಗಿನಲ್ಲಿ. ಗಾಡಿ ಆಫ್ ಮಾಡಿ ಐದು ನಿಮಿಷ ಕೂತು ಆಮೇಲೆ ಮನೆಗೆ ಹತ್ತೋದು. ಇವತ್ತು ಮೀಟಿಂಗಿನಲ್ಲಿ ಯಾರ ಮಾತು ಕತ್ತರಿಸಿದೆ, ಯಾರ ಕೆಲಸಕ್ಕೆ ನಾನು ಹೆಸರು ತಗೊಂಡೆ. ಹೆಂಡತಿ ಮೊದಮೊದಲು ಕಿಟಕಿಯಿಂದ ನೋಡಿ ಯಾರಿಗೋ ಫೋನು ಮಾಡುತ್ತಿದ್ದಾರೆ ಅಂದುಕೊಂಡಿದ್ದಳು. ವಿವರಿಸೋದು ಕಷ್ಟ ಆಯ್ತು.

ಇದರಿಂದ ಒಳ್ಳೆಯವನಾದೆನಾ ಗೊತ್ತಿಲ್ಲ. ಮರುದಿನ ಒಂದೆರಡು ಸಲ ‘ನಿನ್ನೆ ನಾನು ಮಾಡಿದ್ದು ಸರಿಯಲ್ಲ’ ಅಂತ ಮೆಸೇಜು ಹಾಕಿದ್ದೇನೆ. ಅಷ್ಟೇ.

ನೈಟ್ ಡ್ಯೂಟಿ

ಬಣ್ಣ ಅಂದಿರಿ, ಈಗ ನೋಡಿದರೆ ಗೋಡೆಯೇ ಇದೆ.

ಕೆಂಪು ಪೆನ್ನು

ನನ್ನ ಚಿಂತೆ ಬೇರೆ. ನಮ್ಮ ಕಾಲಕ್ಕೆ ಶಾಲೆಯಲ್ಲಿ ಒಂಬತ್ತು ಬ್ರದರ್‌ಗಳಿದ್ದರು, ಆವರಣದಲ್ಲೇ ವಾಸ. ಈಗ ಒಬ್ಬರು, ಅವರಿಗೂ 78. ಸಂಘಕ್ಕೆ ಸೇರುವವರೇ ಕಮ್ಮಿ. ಪಾಠ ಮಾಡೋರೆಲ್ಲ ನನ್ನ ಹಾಗೆ ಸಂಸಾರಸ್ಥರು, ಬೆಲ್ಲು ಹೊಡೆದರೆ ಮನೆಗೆ ಓಡೋರು. ಅವರಿಗೆ ಮನೆಯೇ ಶಾಲೆಯಾಗಿತ್ತು. ಸಂಜೆ ಆರಕ್ಕೆ ಲೆಕ್ಕ ಬರಲಿಲ್ಲ ಅಂತ ಹೋಗಿ ಬಾಗಿಲು ತಟ್ಟಿದರೆ, ಒಬ್ಬರು ಅಂಗಿಗೆ ಗುಂಡಿ ಹಾಕುತ್ತಾ ಬರುತ್ತಿದ್ದರು. ಆ ಬಾಗಿಲು ಈಗ ಸ್ಟೋರ್ ರೂಮು.

ಹಳೇ ಬೆಂಚು

ಎಲ್ಲರದ್ದೂ ಓದಿದೆ. ಅರುಪೆಯ ಪ್ರಶ್ನೆಯನ್ನು ಎರಡು ಸಲ ಓದಿದೆ.

ಒಂದು ವಿಷಯ ಬಚ್ಚಿಟ್ಟಿದ್ದೆ. ಆ ಕಾಲಮ್ಮಿನಲ್ಲಿ ನಾನು ಮೊದಲು ಟೈಪ್ ಮಾಡಿದ್ದು ‘ಅತಿ ಚಿಕ್ಕ ವಯಸ್ಸಿನಲ್ಲಿ ಮ್ಯಾನೇಜರ್ ಹುದ್ದೆ’. ಅಳಿಸಿದ್ದು ಯಾಕೆ ಅಂದರೆ, ಆ ಬಡ್ತಿ ಬಂದ ವರ್ಷ ಒಂದು ದೊಡ್ಡ ಖರ್ಚನ್ನು ಮುಂದಿನ ವರ್ಷದ ಪುಸ್ತಕಕ್ಕೆ ದೂಡು ಅಂತ ಮೇಲಿನವರು ಹೇಳಿದರು. ಆ ವರ್ಷದ ಲಾಭ ಚೆನ್ನಾಗಿ ಕಾಣಬೇಕಿತ್ತು. ನಾನು ದೂಡಿದೆ. ಏನೂ ಆಗಲಿಲ್ಲ. ಯಾರೂ ಹಿಡಿಯಲಿಲ್ಲ, ಯಾರೂ ಮುಳುಗಲಿಲ್ಲ. ಎರಡು ತಿಂಗಳಿಗೆ ಬಡ್ತಿ ಬಂತು.

ಆವತ್ತು ರಾತ್ರಿ ಆ ಹೊಂದಾಣಿಕೆಯ ಲೆಕ್ಕವನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದೆ. ಹಾಳೆಯ ತಲೆಯಲ್ಲಿ ಎ.ಎಂ.ಡಿ.ಜಿ. ಇತ್ತು. ಕೈ ತಾನಾಗೇ ಬರೆದಿತ್ತು. ನೋಡಿ, ಅಷ್ಟು ಭಾಗವನ್ನು ಮಾತ್ರ ಹರಿದು ಹಾಕಿದೆ. ಉಳಿದದ್ದನ್ನು ಕಂಪ್ಯೂಟರಿಗೆ ಹಾಕಿದೆ.

ಬಿ ಸೆಕ್ಷನ್

ಸರ್, ವಕೀಲೆಯಾಗಿ ಹೇಳುತ್ತಿದ್ದೇನೆ, ವರ್ಷ, ಮೊತ್ತ, ಕಂಪನಿ ಯಾವುದನ್ನೂ ಇಲ್ಲಿ ಬರೆಯಬೇಡಿ. ಸ್ನೇಹಿತೆಯಾಗಿ ಹೇಳೋದು ಬೇರೆ ಇದೆ, ಅದನ್ನು ಇಲ್ಲಿ ಬರೆಯಲ್ಲ.

ಗುರುಮಠ ಬಿಟ್ಟವ

ಅಣ್ಣ, ಇದು ಪಾಪನಿವೇದನೆಯ ಪೆಟ್ಟಿಗೆ ಅಲ್ಲ. ಕ್ಷಮೆ ಕೊಡುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ, ನನಗಂತೂ ಸ್ವಲ್ಪದರಲ್ಲಿ ತಪ್ಪಿತು. ಆದರೆ ಪಾಠ ನೆನಪಿದೆ. ಪಶ್ಚಾತ್ತಾಪ ಪಟ್ಟು, ಬಾಯಿಬಿಟ್ಟು ಹೇಳಿದರೆ ಸಾಲದು. ಕೆಡಿಸಿದ್ದನ್ನು ಕೈಲಾದಷ್ಟು ಸರಿ ಮಾಡಬೇಕು. ಮೊದಲೆರಡು ಆಗಿದೆ.

ಮೂರನೇ ಸಾಲು

ಆ ವೆಂಡರ್ ಕೋಡ್ ಕೇಳಿದ ಹುಡುಗಿಗೆ ಏನು ಹೇಳಿದಿರಿ ಸರ್?

ಹಳೇ ಬೆಂಚು

ಆವತ್ತು ನಕ್ಕು ಸುಮ್ಮನಾಗಿದ್ದೆ. ಇವತ್ತು ಕೂರಿಸಿಕೊಂಡು ಹೇಳಿದೆ. ನಾಲ್ಕು ಅಕ್ಷರದ ಅರ್ಥ, ಹರಿದ ಹಾಳೆ, ಎರಡೂ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಅರ್ಥದ ಬಗ್ಗೆ ಅಲ್ಲ. ‘ಸರ್, ಹಾಗೆ ದೂಡಿದರೆ ಎಲ್ಲಿ ಗೊತ್ತಾಗುತ್ತೆ? ಯಾವ ಖಾತೆ ನೋಡಬೇಕು?’ ಅಂದಳು. ತೋರಿಸಿದೆ. ನಾನು ಬಚ್ಚಿಟ್ಟದ್ದು ಹೇಗೆ, ಅದನ್ನು ಹಿಡಿಯೋದು ಹೇಗೆ, ಹಳೆಯ ಬಿಲ್ಲಿನ ದಿನಾಂಕದಿಂದ ಹಿಡಿದು. ಒಂದೂವರೆ ಗಂಟೆ ಆಯ್ತು. ನಾಳೆ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾಳಂತೆ.

ಫಾರಂ ತುಂಬಿಸಿದೆ. ‘ಲೆಕ್ಕ ಎಲ್ಲಿ ತಪ್ಪುತ್ತದೆಂದು ಹೊಸಬರಿಗೆ ತೋರಿಸಿ ಕೊಡುತ್ತೇನೆ.’ ಕಳಿಸೋಕೆ ಹೋದರೆ ತಗೊಳ್ಳುತ್ತಿಲ್ಲ. ಕನಿಷ್ಠ ಹತ್ತು ಪದ ಇರಬೇಕಂತೆ. ನನ್ನದು ಆರೇ ಇದೆ.

ಸುಮ್ನೆ ಬಂದೆ

ಎ.ಎಂ.ಡಿ.ಜಿ. ಬಿಡಿಸಿ ಬರೆಯಿರಿ ಸರ್. ಸರಿಯಾಗಿ ನಾಲ್ಕು ಪದ.